ಬರೆದದ್ದನ್ನು ಯಾರೋ ಅಳಿಸಿದರು, ಈಗೇನು ಮಾಡಬೇಕು?

ರಾತ್ರಿ ಎರಡು ಗಂಟೆ ಕೂತು ಬರೆದಿರುತ್ತೀರಿ. ಪುಸ್ತಕ ತೆಗೆದು, ಪುಟದ ಸಂಖ್ಯೆ ಹುಡುಕಿ, ಉಲ್ಲೇಖ ಸೇರಿಸಿ, ವಿಕಿಪೀಡಿಯದ ಲೇಖನಕ್ಕೆ ಒಂದು ಒಳ್ಳೆಯ ಪ್ಯಾರಾ ಹಾಕಿ ಮಲಗಿರುತ್ತೀರಿ. ಬೆಳಿಗ್ಗೆ ನೋಡಿದರೆ ಅದು ಅಲ್ಲಿಲ್ಲ. ಮುಖ ಕಾಣದ ಯಾರೋ ಒಬ್ಬರು ಪೂರಾ ತೆಗೆದುಹಾಕಿದ್ದಾರೆ. ಮೈಯೆಲ್ಲ ಉರಿದುಹೋಗುತ್ತದೆ, ಅಲ್ವಾ? ನನಗೂ ಎಷ್ಟೋ ಸಲ ಹಾಗಾಗಿದೆ. ಆ ಹೊತ್ತಿನಲ್ಲಿ ಏನು ಮಾಡಬೇಕು ಎಂದು ಮೊದಲೇ ತಿಳಿದಿದ್ದರೆ ಬಹಳಷ್ಟು ಸಂಕಟ ತಪ್ಪುತ್ತದೆ.

ವಿಕಿಪೀಡಿಯ ಶುರುವಾದದ್ದು 2001ರ ಜನವರಿ 15ರಂದು. ಅಲ್ಲಿ ಬರೆಯುವವರು ಸ್ವಯಂಸೇವಕರು. ಪತ್ರಿಕೆಯಲ್ಲಿರುವಂತೆ ‘ಇದು ಇರಲಿ, ಅದು ಬೇಡ’ ಎಂದು ಕೊನೆಯ ಮಾತು ಹೇಳುವ ಪ್ರಧಾನ ಸಂಪಾದಕರು ಅಲ್ಲಿಲ್ಲ. ಬರೆಯುವವರೇ ತಮ್ಮೊಳಗೆ ಮಾತಾಡಿಕೊಂಡು ತೀರ್ಮಾನಕ್ಕೆ ಬರಬೇಕು. ಹಾಗಾಗಿ ಜಗಳ ಬಂದೇ ಬರುತ್ತದೆ. ಇದು ಗೊತ್ತಿದ್ದೇ ವಿಕಿಪೀಡಿಯದ ಐದು ಆಧಾರಸ್ತಂಭಗಳಲ್ಲಿ, ಅಂದರೆ ಮೂಲತತ್ವಗಳಲ್ಲಿ, ಒಂದನ್ನು ಇದಕ್ಕಾಗಿಯೇ ಮೀಸಲಿಟ್ಟಿದ್ದಾರೆ. ಸಂಪಾದಕರು, ಅಂದರೆ ಅಲ್ಲಿ ಬರೆಯುವವರೆಲ್ಲ, ಒಬ್ಬರನ್ನೊಬ್ಬರು ಗೌರವದಿಂದ, ಸೌಜನ್ಯದಿಂದ ಕಾಣಬೇಕು ಎನ್ನುತ್ತದೆ ಆ ನಾಲ್ಕನೆಯ ಸ್ತಂಭ.

ಸೌಜನ್ಯ ಎಂದರೆ ಸಿಹಿ ಮಾತು ಎಂದು ನಾನು ಬಹಳ ದಿನ ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಇನ್ನೊಬ್ಬರ ಬರಹದ ಮೇಲೆ ಕೈಯಿಟ್ಟಾಗ ಅದಕ್ಕೆ ಕಾರಣ ಹೇಳಬೇಕು. ಅವರು ಹೇಳಿದ ಕಾರಣವನ್ನು ಪೂರಾ ಓದಬೇಕು. ನನ್ನ ಮಟ್ಟಿಗೆ ಅಲ್ಲಿನ ದೊಡ್ಡ ಮರ್ಯಾದೆ ಇದೇ.

ಒಂದು ಉದಾಹರಣೆ ಇಟ್ಟುಕೊಂಡು ಹೋಗೋಣ. ಅಮೆಜಾನ್ ನದಿಯ ಲೇಖನದಲ್ಲಿ ನೀವು ‘ಇದು ಜಗತ್ತಿನ ಅತಿ ಉದ್ದದ ನದಿ’ ಎಂದು ಬರೆದಿರಿ ಎಂದುಕೊಳ್ಳಿ. ಇನ್ನೊಬ್ಬರು ಅದನ್ನು ಅಳಿಸಿ ‘ನೈಲ್ ನಂತರ ಎರಡನೆಯದು’ ಎಂದು ಹಾಕಿದರು.

ಹಂತ 1: ಇತಿಹಾಸ ತೆರೆದು ನೋಡಿ

ಪ್ರತಿ ಲೇಖನದ ಮೇಲೂ ‘ಇತಿಹಾಸ’ ಎನ್ನುವ ಕೊಂಡಿ ಇರುತ್ತದೆ. ಯಾರು, ಯಾವಾಗ, ಯಾವ ಪದ ಬದಲಿಸಿದರು ಎನ್ನುವುದೆಲ್ಲ ಅಲ್ಲಿ ಸಿಗುತ್ತದೆ. ಪಕ್ಕದಲ್ಲೇ ಅವರು ಬರೆದ ಒಂದು ಸಾಲಿನ ಸಾರಾಂಶವೂ ಇರುತ್ತದೆ. ಮೊದಲು ಅದನ್ನು ಓದಿ. ಎಷ್ಟೋ ಸಲ ಸಿಟ್ಟು ಅಲ್ಲಿಗೇ ಇಳಿದುಹೋಗುತ್ತದೆ. ‘ಉಲ್ಲೇಖ ಇಲ್ಲ’ ಎಂದಿದ್ದರೆ ಉಲ್ಲೇಖ ಕೊಟ್ಟರೆ ಮುಗಿಯಿತು. ‘ಬೇರೆ ಕಡೆಯಿಂದ ನಕಲು ಮಾಡಿದೆ’ ಎಂದಿದ್ದರೆ ಅದನ್ನು ನಿಮ್ಮ ಮಾತಿನಲ್ಲಿ ಹೊಸದಾಗಿ ಬರೆಯಬೇಕು. ಹಕ್ಕುಸ್ವಾಮ್ಯದ ವಿಷಯದಲ್ಲಿ ವಿಕಿಪೀಡಿಯ ರಾಜಿಯಾಗುವುದಿಲ್ಲ. ಕೆಲವೊಮ್ಮೆ ನಿಮ್ಮ ಬರಹ ಅಳಿಸಿಯೇ ಇರುವುದಿಲ್ಲ, ಅದೇ ಲೇಖನದ ಇನ್ನೊಂದು ವಿಭಾಗಕ್ಕೆ ಹೋಗಿರುತ್ತದೆ.

ಏನೂ ಕಾರಣ ಬರೆಯದೆ ತೆಗೆದಿದ್ದರೆ ಬೇಜಾರಾಗುವುದು ಸಹಜ. ಆದರೂ ‘ಬೇಕಂತಲೇ ಮಾಡಿದ್ದಾರೆ’ ಎನ್ನುವ ತೀರ್ಮಾನಕ್ಕೆ ಆಗಲೇ ಬರಬೇಡಿ. ಎದುರಿನವರು ಒಳ್ಳೆಯ ಉದ್ದೇಶದಿಂದಲೇ ಮಾಡಿದ್ದಾರೆ ಎಂದು ನಂಬಿ ಶುರುಮಾಡಿ ಎನ್ನುವುದು ಅಲ್ಲಿನ ಹಳೆಯ ಮಾರ್ಗಸೂಚಿ. ಅದಕ್ಕೆ ವಿರುದ್ಧವಾದ ಸಾಕ್ಷಿ ಕಣ್ಣಿಗೆ ಕಂಡರೂ ನಂಬುತ್ತಲೇ ಇರಿ ಎಂದು ಯಾರೂ ಹೇಳಿಲ್ಲ. ಶುರು ಮಾತ್ರ ನಂಬಿಕೆಯಿಂದ ಆಗಲಿ.

ಹಂತ 2: ಮತ್ತೆ ಹಾಕಬೇಡಿ

ಕೈ ತುರಿಸುತ್ತದೆ. ‘ರದ್ದುಮಾಡಿ’ ಒತ್ತಿದರೆ ನಿಮ್ಮ ಪ್ಯಾರಾ ಒಂದು ಕ್ಷಣದಲ್ಲಿ ವಾಪಸ್ ಬರುತ್ತದೆ. ಒತ್ತಬೇಡಿ. ನೀವು ಒತ್ತಿದರೆ ಅವರೂ ಒತ್ತುತ್ತಾರೆ. ಆಮೇಲೆ ಓದುಗರಿಗೆ ಬೆಳಿಗ್ಗೆ ಒಂದು ಲೇಖನ, ಮಧ್ಯಾಹ್ನ ಇನ್ನೊಂದು ಲೇಖನ ಕಾಣುತ್ತದೆ. ಇದಕ್ಕೆ ಸಂಪಾದನಾ ಸಮರ ಎನ್ನುತ್ತಾರೆ.

ಇಂಗ್ಲಿಷ್ ವಿಕಿಪೀಡಿಯದಲ್ಲಿ ಇದಕ್ಕೆ ಗೆರೆ ಎಳೆದಿದ್ದಾರೆ. ಒಂದೇ ಪುಟದಲ್ಲಿ 24 ಗಂಟೆಯೊಳಗೆ ಒಬ್ಬರು 3ಕ್ಕಿಂತ ಹೆಚ್ಚು ಸಲ ಇನ್ನೊಬ್ಬರ ಕೆಲಸವನ್ನು ರದ್ದು ಮಾಡಿದರೆ ಅವರ ಖಾತೆಯನ್ನು ತಡೆಹಿಡಿಯಬಹುದು. ಈ ನಿಯಮ 2004ರಿಂದ ಇದೆ. ಹಾಗಂತ 3 ಸಲ ಮಾಡುವುದು ಹಕ್ಕು ಎಂದು ತಿಳಿಯಬೇಡಿ. ಎರಡೇ ಸಲಕ್ಕೂ ಅದು ಸಮರವೇ ಆಗಬಹುದು. ಸುಮ್ನೆ ಹಾಳುಮಾಡಲೆಂದೇ ಬರೆದ ಬರಹವನ್ನು ಅಳಿಸುವುದಕ್ಕೆ ಈ ಲೆಕ್ಕ ಇಲ್ಲ. ಬದುಕಿರುವ ವ್ಯಕ್ತಿಯ ಮೇಲೆ ಆಧಾರವಿಲ್ಲದೆ ಹೊರಿಸಿದ ಆರೋಪವನ್ನು ತೆಗೆಯುವುದಕ್ಕೂ ಇಲ್ಲ. ಅಂಥದ್ದನ್ನು ಕಂಡ ಕೂಡಲೇ ತೆಗೆಯಬೇಕು.

ಜಗಳ ಜಾಸ್ತಿಯಾದರೆ ನಿರ್ವಾಹಕರು (ಪುಟಕ್ಕೆ ಬೀಗ ಹಾಕುವ, ಖಾತೆ ತಡೆಹಿಡಿಯುವ ಅಧಿಕಾರ ಇರುವ ಸ್ವಯಂಸೇವಕರು) ಬಂದು ಪುಟಕ್ಕೆ ಬೀಗ ಹಾಕುತ್ತಾರೆ. ಆ ಗಳಿಗೆಯಲ್ಲಿ ಯಾರ ಬರಹ ಪುಟದಲ್ಲಿತ್ತೋ ಸಾಮಾನ್ಯವಾಗಿ ಅದೇ ಉಳಿಯುತ್ತದೆ. ಅದು ಎದುರಿನವರದ್ದಾಗಿದ್ದರೆ ನಿಮಗೆ ಅನ್ಯಾಯ ಅನ್ನಿಸುತ್ತದೆ. ಆದರೆ ಬೀಗ ಹಾಕಿದವರು ಯಾರು ಸರಿ ಎಂದು ತೀರ್ಪು ಕೊಟ್ಟಿರುವುದಿಲ್ಲ. ಮಾತಾಡಿ ಎಂದು ಸಮಯ ಕೊಟ್ಟಿರುತ್ತಾರೆ ಅಷ್ಟೇ.

ಧೈರ್ಯವಾಗಿ ಬರೆಯಿರಿ, ಯಾರಾದರೂ ರದ್ದು ಮಾಡಿದರೆ ಚರ್ಚೆಗೆ ಹೋಗಿ. ವಿಕಿಪೀಡಿಯದ ಹಳಬರು ಪಾಲಿಸುವ ಕ್ರಮ ಇದು. ನಿಯಮವೇನಲ್ಲ, ಅನುಭವದಿಂದ ಬಂದ ಸಲಹೆ. ನನಗೆ ಇದರಷ್ಟು ಉಪಯೋಗಕ್ಕೆ ಬಂದ ಸಲಹೆ ಬೇರೆ ಇಲ್ಲ.

ಹಂತ 3: ಚರ್ಚೆ ಪುಟದಲ್ಲಿ ಮಾತಾಡಿ

ಪ್ರತಿ ಲೇಖನಕ್ಕೂ ಜೊತೆಗೆ ಒಂದು ಚರ್ಚೆ ಪುಟ ಇರುತ್ತದೆ. ಸಾರಾಂಶದ ಒಂದು ಸಾಲಿನಲ್ಲಿ ವಾದ ಮಾಡಲು ಹೋಗಬೇಡಿ. ಅಲ್ಲಿ ಜಾಗ ಕಡಿಮೆ, ಹಾಗಾಗಿ ಮಾತು ಒರಟಾಗುತ್ತದೆ. ಚರ್ಚೆ ಪುಟದಲ್ಲಿ ಹೊಸ ವಿಷಯ ತೆರೆಯಿರಿ. ಶೀರ್ಷಿಕೆಯಲ್ಲಿ ಯಾರ ಹೆಸರನ್ನೂ ಹಾಕಬೇಡಿ. ‘ನದಿಯ ಉದ್ದದ ಬಗ್ಗೆ’ ಎಂದರೆ ಸಾಕು. ‘ಇವರು ಪದೇ ಪದೇ ಅಳಿಸುತ್ತಿದ್ದಾರೆ’ ಎಂದು ಶೀರ್ಷಿಕೆ ಕೊಟ್ಟರೆ ಅಲ್ಲಿಂದಾಚೆಗೆ ಚರ್ಚೆ ನಡೆಯುವುದಿಲ್ಲ, ವಿಚಾರಣೆ ನಡೆಯುತ್ತದೆ.

ಹೇಗೆ ಬರೆಯುವುದು? ಎರಡು ರೀತಿ ನೋಡಿ.

‘ನೀವು ಯಾಕೆ ಅಳಿಸಿದಿರಿ? ನಿಮಗೆ ಈ ವಿಷಯ ಗೊತ್ತಿಲ್ಲದಿದ್ದರೆ ಸುಮ್ಮನಿರಿ. ನಾನು ಪುಸ್ತಕ ನೋಡಿಯೇ ಬರೆದಿದ್ದೇನೆ.’

‘ಅಮೆಜಾನ್ ಅತಿ ಉದ್ದದ ನದಿ ಎನ್ನುವ ಸಾಲನ್ನು ನೀವು ತೆಗೆದಿದ್ದೀರಿ. ನಾನು ನೋಡಿದ ಮೂಲದಲ್ಲಿ ಹಾಗಿದೆ, ಪುಟದ ಸಂಖ್ಯೆ ಕೊಟ್ಟಿದ್ದೇನೆ. ನೀವು ಯಾವ ಮೂಲ ನೋಡಿದಿರಿ? ಎರಡೂ ಮೂಲಗಳು ಉದ್ದವನ್ನು ಎಲ್ಲಿಂದ ಎಲ್ಲಿಗೆ ಅಳೆದಿವೆ ಎಂದು ಹೋಲಿಸಿ ನೋಡೋಣವೇ?’

ಎರಡನೆಯದರಲ್ಲಿ ಹೊಗಳಿಕೆ ಇಲ್ಲ, ಬೇಡಿಕೊಳ್ಳುವುದೂ ಇಲ್ಲ. ಆದರೆ ಎದುರಿನವರಿಗೆ ಉತ್ತರ ಕೊಡಲು ಏನೋ ಒಂದು ಸಿಕ್ಕಿದೆ. ಮೊದಲನೆಯದಕ್ಕೆ ಏನು ಉತ್ತರ ಕೊಡಬಹುದು? ‘ನನಗೂ ಗೊತ್ತಿದೆ’ ಎನ್ನಬಹುದು, ಅಷ್ಟೇ. ‘ನೀವು’ ಎನ್ನುವ ಪದ ಕಡಿಮೆ ಮಾಡಿ, ‘ಈ ಸಾಲು’, ‘ಈ ಮೂಲ’ ಎನ್ನುವುದು ಜಾಸ್ತಿಯಾಗಲಿ. ಏಕವಚನವಂತೂ ಬೇಡವೇ ಬೇಡ. ಎದುರಿನವರು ಹದಿನಾರರ ಹುಡುಗಿಯೋ ಎಪ್ಪತ್ತರ ಪ್ರೊಫೆಸರೋ ನಿಮಗೆ ಗೊತ್ತಿಲ್ಲ. ಯಾರೇ ಆಗಿದ್ದರೂ ಅಲ್ಲಿ ಇಬ್ಬರ ಮಾತಿಗೂ ಒಂದೇ ತೂಕ. ನಿಮ್ಮ ಡಿಗ್ರಿಯಾಗಲಿ, ಅವರ ಸಾವಿರಾರು ಸಂಪಾದನೆಗಳಾಗಲಿ ಮೂಲದ ಜಾಗದಲ್ಲಿ ನಿಲ್ಲಲಾರವು.

ಬರೆದ ಮೇಲೆ ಸಹಿ ಹಾಕುವುದನ್ನು ಮರೆಯಬೇಡಿ. ನಾಲ್ಕು ಟಿಲ್ಡೆ (~~~~) ಹಾಕಿದರೆ ನಿಮ್ಮ ಹೆಸರು, ಸಮಯ ತಾನಾಗಿ ಬರುತ್ತದೆ. ಸಹಿ ಇಲ್ಲದ ಮಾತು ಯಾರದ್ದೆಂದು ಗೊತ್ತಾಗದೆ ಗೋಜಲಾಗುತ್ತದೆ. ಎದುರಿನವರ ಮಾತನ್ನು ತಿದ್ದುವುದು, ಅಳಿಸುವುದು ಮಾಡಬಾರದು. ಅವರು ಉತ್ತರ ಕೊಟ್ಟ ಮೇಲೆ ನಿಮ್ಮದೇ ಹಳೆಯ ಮಾತನ್ನು ಸದ್ದಿಲ್ಲದೆ ಬದಲಿಸುವುದೂ ತಪ್ಪು. ಬದಲಿಸಲೇಬೇಕಾದರೆ ಹಳೆಯದರ ಮೇಲೆ ಗೆರೆ ಹೊಡೆದು ಪಕ್ಕದಲ್ಲಿ ಹೊಸದು ಬರೆಯಿರಿ.

ಆಮೇಲೆ ಕಾಯಿರಿ. ಅವರ ಊರಿನಲ್ಲಿ ಆಗ ನಡುರಾತ್ರಿ ಇರಬಹುದು. ಅವರಿಗೂ ಕೆಲಸ, ಮನೆ, ಪರೀಕ್ಷೆ ಇರುತ್ತವೆ. ಒಂದು ಗಂಟೆಯಲ್ಲಿ ಉತ್ತರ ಬರಲಿಲ್ಲ ಎಂದು ‘ಒಪ್ಪಿಕೊಂಡಿದ್ದಾರೆ’ ಎಂದುಕೊಳ್ಳಬಾರದು.

ಹಂತ 4: ಜಗಳ ನಿಜವಾಗಿ ಯಾವುದರ ಬಗ್ಗೆ ಎಂದು ಹುಡುಕಿ

ನಮ್ಮ ನದಿಗೆ ಬರೋಣ. ನೈಲ್‌ನ ಉದ್ದ ಸುಮಾರು 6,650 ಕಿಲೋಮೀಟರ್, ಅಮೆಜಾನ್‌ನದು ಸುಮಾರು 6,400 ಎಂದು ಬಹಳಷ್ಟು ಪುಸ್ತಕಗಳಲ್ಲಿದೆ. ಆದರೆ ಬ್ರೆಜಿಲ್‌ನ ಕೆಲವು ಸಂಶೋಧಕರು ಅಮೆಜಾನೇ ಉದ್ದ ಎಂದಿದ್ದಾರೆ. ನದಿಯ ಹುಟ್ಟು ಯಾವ ತೊರೆ, ಸಮುದ್ರ ಸೇರುವ ಜಾಗ ಯಾವುದು ಎಂದು ಹಿಡಿಯುವುದರ ಮೇಲೆ ಲೆಕ್ಕ ಬದಲಾಗುತ್ತದೆ. ಅಂದರೆ ಅಲ್ಲಿ ಯಾರೂ ಸುಳ್ಳು ಬರೆದಿರಲಿಲ್ಲ. ಇಬ್ಬರೂ ಅರ್ಧ ಬರೆದಿದ್ದರು.

ಇಂಥ ಕಡೆ ವಿಕಿಪೀಡಿಯದ ತಟಸ್ಥ ದೃಷ್ಟಿಕೋನದ ನೀತಿ ಕೈಹಿಡಿಯುತ್ತದೆ. ಮೂಲಗಳೇ ಒಪ್ಪದಿದ್ದಾಗ ಯಾರು ಏನು ಹೇಳಿದ್ದಾರೆ ಎಂದು ಅವರವರ ಹೆಸರಿನಲ್ಲೇ ಬರೆಯಿರಿ. ‘ಸಾಮಾನ್ಯವಾಗಿ ಎರಡನೆಯದೆಂದು ಪರಿಗಣಿಸುತ್ತಾರೆ. ಕೆಲವು ಸಂಶೋಧಕರ ಅಳತೆಯ ಪ್ರಕಾರ ಇದೇ ಮೊದಲನೆಯದು’ ಎಂದರೆ ಲೇಖನ ಮೊದಲಿಗಿಂತ ಚೆನ್ನಾಯಿತು. ಜಗಳ ಆಗದೇ ಇದ್ದಿದ್ದರೆ ಈ ಸಾಲು ಹುಟ್ಟುತ್ತಲೇ ಇರಲಿಲ್ಲ. ಭಿನ್ನಾಭಿಪ್ರಾಯದ ಬಗ್ಗೆ ನನಗೆ ಪ್ರೀತಿ ಬಂದದ್ದು ಇಂಥ ಸಾಲುಗಳಿಂದಲೇ.

ಎಚ್ಚರ, ಇದನ್ನು ಅರ್ಧ ನಿಮಗೆ, ಅರ್ಧ ನನಗೆ ಎಂದು ಹಂಚಿಕೊಳ್ಳುವ ರಾಜಿ ಎಂದು ತಿಳಿಯಬಾರದು. ಭೂಮಿ ಚಪ್ಪಟೆ ಎನ್ನುವವರು ಬಂದರೆ ಅವರಿಗೆ ಅರ್ಧ ಪುಟ ಬಿಟ್ಟುಕೊಡಬೇಕಾಗಿಲ್ಲ. ನಂಬಬಹುದಾದ ಮೂಲಗಳಲ್ಲಿ ಒಂದು ಮಾತಿಗೆ ಎಷ್ಟು ಜಾಗ ಇದೆಯೋ ಲೇಖನದಲ್ಲೂ ಅಷ್ಟೇ.

ಇನ್ನು ಕೆಲವು ಜಗಳಗಳಲ್ಲಿ ಎರಡೂ ಸರಿಯಿರುತ್ತವೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಮೊಸರಿನ ಲೇಖನದ ಹೆಸರಿನಲ್ಲಿ (yogurt ಅಥವಾ yoghurt) ‘ಎಚ್’ ಅಕ್ಷರ ಇರಬೇಕೋ ಬೇಡವೋ ಎಂದು ವರ್ಷಗಟ್ಟಲೆ ವಾದ ನಡೆಯಿತು. 2003ರಲ್ಲಿ ಸೇರಿಸಿದ ಆ ಅಕ್ಷರವನ್ನು 2011ರಲ್ಲಿ ತೆಗೆದರು. ಬ್ರಿಟಿಷ್ ಕಾಗುಣಿತ, ಅಮೆರಿಕನ್ ಕಾಗುಣಿತ ಎರಡಕ್ಕೂ ಅಲ್ಲಿ ಜಾಗ ಇದೆ. ಒಂದು ಲೇಖನ ಒಂದು ಕಾಗುಣಿತದಲ್ಲಿ ಬೆಳೆದಿದ್ದರೆ ಗಟ್ಟಿ ಕಾರಣ ಇಲ್ಲದೆ ಬದಲಿಸಬೇಡಿ ಎನ್ನುವುದು ಅಲ್ಲಿನ ಮಾರ್ಗಸೂಚಿ. ನಿಮ್ಮ ವಾದ ಈ ಜಾತಿಯದ್ದಾಗಿದ್ದರೆ ಬಿಟ್ಟುಕೊಡಿ. ಓದುಗರಿಗೆ ಏನೂ ನಷ್ಟವಿಲ್ಲ.

ಹಂತ 5: ಮೂರನೆಯವರನ್ನು ಕರೆಯಿರಿ

ಇಬ್ಬರೇ ಎಷ್ಟು ಮಾತಾಡಿದರೂ ಮುಗಿಯದಿದ್ದರೆ ಮೂರನೆಯ ಅಭಿಪ್ರಾಯ ಕೇಳಬಹುದು. ಇಂಗ್ಲಿಷ್‌ನಲ್ಲಿ ಅದಕ್ಕೆಂದೇ ಒಂದು ಪುಟ ಇದೆ. ಅದಕ್ಕೂ ಆಗದಿದ್ದರೆ ಎಲ್ಲರ ಅಭಿಪ್ರಾಯ ಕೋರುವ ಕ್ರಮ ಇದೆ, ಅದು ಸಾಮಾನ್ಯವಾಗಿ 30 ದಿನ ನಡೆಯುತ್ತದೆ. ಕನ್ನಡ ವಿಕಿಪೀಡಿಯದಲ್ಲಾದರೆ ಇಂಥ ಮಾತಿಗೆ ‘ಅರಳಿ ಕಟ್ಟೆ’ ಎನ್ನುವ ಪುಟ ಇದೆ. ಹೆಸರೇ ಹೇಳುವಂತೆ ಎಲ್ಲರೂ ಕೂತು ಮಾತಾಡುವ ಜಾಗ.

ಪ್ರಶ್ನೆಯನ್ನು ವಾಲದಂತೆ ಕೇಳಿ. ನಿಮ್ಮ ಪರ ಮಾತಾಡುವವರನ್ನು ಮಾತ್ರ ಆರಿಸಿ ಕರೆತರುವುದು, ಇನ್ನೊಂದು ಖಾತೆ ತೆರೆದು ನಿಮಗೆ ನೀವೇ ಬೆಂಬಲ ಕೊಟ್ಟುಕೊಳ್ಳುವುದು ಮೋಸ. ಸಿಕ್ಕಿಬಿದ್ದರೆ ಖಾತೆಗೆ ತಡೆ ಬೀಳುತ್ತದೆ. ಅಲ್ಲಿ ತಲೆ ಎಣಿಸಿ ತೀರ್ಮಾನ ಮಾಡುವುದೂ ಇಲ್ಲ. ಹತ್ತು ಜನ ‘ಬೇಡ’ ಎಂದಷ್ಟೇ ಬರೆದು, ಇಬ್ಬರು ಗಟ್ಟಿ ಮೂಲ ಇಟ್ಟು ಮಾತಾಡಿದರೆ ಆ ಇಬ್ಬರ ಮಾತಿಗೆ ತೂಕ ಜಾಸ್ತಿ.

ಮಾತು ಕೆಟ್ಟರೆ

ಯಾರಾದರೂ ಬೈದರೆ ಅದಕ್ಕೆ ಉತ್ತರ ಕೊಡಬೇಡಿ. ಅದೇ ಸಂದೇಶದಲ್ಲಿ ಲೇಖನದ ಬಗ್ಗೆ ಏನಾದರೂ ಇದ್ದರೆ ಅದಕ್ಕೆ ಮಾತ್ರ ಉತ್ತರಿಸಿ. ತಲೆ ಬಿಸಿಯಾಗಿದ್ದರೆ ಲ್ಯಾಪ್‌ಟಾಪ್ ಮುಚ್ಚಿ. ನಾನು ಉತ್ತರವನ್ನು ಬೇರೆ ಕಡೆ ಬರೆದಿಟ್ಟು ಮಾರನೆಯ ದಿನ ಓದುತ್ತೇನೆ. ಅರ್ಧಕ್ಕರ್ಧ ಸಾಲು ಹೊಡೆದುಹಾಕುತ್ತೇನೆ.

ಬೆದರಿಕೆ, ಬೆನ್ನುಹತ್ತಿ ಕಾಡುವುದು, ಖಾಸಗಿ ವಿವರ ಬಯಲು ಮಾಡುವುದು, ಇವು ಭಿನ್ನಾಭಿಪ್ರಾಯವೇ ಅಲ್ಲ. ಇದನ್ನು ಸಹಿಸಿಕೊಳ್ಳುವುದು ಸೌಜನ್ಯವೂ ಅಲ್ಲ. ವಿಕಿಪೀಡಿಯವನ್ನು ನಡೆಸುವ ಸಂಸ್ಥೆಯಾದ ವಿಕಿಮೀಡಿಯ ಫೌಂಡೇಶನ್ 2021ರಲ್ಲಿ ಎಲ್ಲ ಭಾಷೆಗಳಿಗೂ ಅನ್ವಯಿಸುವ ನಡವಳಿಕೆ ಸಂಹಿತೆ ತಂದಿದೆ. ನೇರವಾಗಿ ನಿರ್ವಾಹಕರಿಗೆ ತಿಳಿಸಿ.

ಅಳಿಸುವವರು ನೀವೇ ಆಗಿದ್ದರೆ

ಇಷ್ಟು ಹೊತ್ತು ಕಳೆದುಕೊಂಡವರ ಕಡೆಯಿಂದ ಹೇಳಿದೆ. ಸ್ವಲ್ಪ ದಿನ ಕೆಲಸ ಮಾಡಿದ ಮೇಲೆ ನಾವೇ ಆಚೆ ಬದಿಯಲ್ಲಿರುತ್ತೇವೆ. ಒಮ್ಮೆ ಹೊಸಬರೊಬ್ಬರು ಒಂದು ಲೇಖನಕ್ಕೆ ನಾಲ್ಕು ಸಾಲು ಸೇರಿಸಿದ್ದರು. ಉಲ್ಲೇಖ ಇರಲಿಲ್ಲ. ನಾನು ಒಂದೇ ಕ್ಲಿಕ್ಕಿಗೆ ತೆಗೆದೆ, ಏನೂ ಬರೆಯಲಿಲ್ಲ. ಅವರು ಮತ್ತೆ ಸೇರಿಸಿದರು, ನಾನು ಮತ್ತೆ ತೆಗೆದೆ. ಆಮೇಲೆ ಅವರು ಬರಲೇ ಇಲ್ಲ. ಕೆಲವು ತಿಂಗಳ ನಂತರ ಅದೇ ವಿಷಯದ ಪುಸ್ತಕ ಓದುವಾಗ ಆ ನಾಲ್ಕು ಸಾಲೂ ಸರಿ ಎಂದು ಗೊತ್ತಾಯಿತು. ಉಲ್ಲೇಖದೊಂದಿಗೆ ವಾಪಸ್ ಹಾಕಿದೆ, ಅವರ ಪುಟದಲ್ಲಿ ಕ್ಷಮೆ ಕೇಳಿದೆ. ಉತ್ತರ ಬಂದಿಲ್ಲ. ಇದು ಇವತ್ತಿಗೂ ನನ್ನನ್ನು ಕೊರೆಯುತ್ತದೆ.

ಇದು ನನ್ನೊಬ್ಬನ ಕತೆಯಲ್ಲ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಸಕ್ರಿಯ ಸಂಪಾದಕರ ಸಂಖ್ಯೆ 2007ರ ನಂತರ ಇಳಿಯತೊಡಗಿತು. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದಕ್ಕೆ ಕಾರಣ ಹುಡುಕಿತು. ಒಳ್ಳೆಯ ಮನಸ್ಸಿನಿಂದ ಬಂದ ಹೊಸಬರ ಕೆಲಸವನ್ನೂ ಹಳಬರು ಸಿಕ್ಕಾಪಟ್ಟೆ ರದ್ದು ಮಾಡುತ್ತಿದ್ದರು, ಅದರಿಂದ ಹೊಸಬರು ನಿಲ್ಲುತ್ತಿರಲಿಲ್ಲ ಎನ್ನುವುದು ಅದರಲ್ಲಿ ಕಂಡ ಒಂದು ಮುಖ್ಯ ಕಾರಣ.

ಹಾಗಾಗಿ ಅಳಿಸುವ ಮುನ್ನ ಒಂದು ನಿಮಿಷ ನಿಲ್ಲಿ. ತಿದ್ದಿ ಉಳಿಸಬಹುದಾದರೆ ತಿದ್ದಿ. ಅನುಮಾನ ಇದ್ದರೆ ‘ಉಲ್ಲೇಖ ಬೇಕು’ ಎನ್ನುವ ಗುರುತು ಹಾಕಿ ಕೆಲವು ದಿನ ಬಿಡಿ. ತೆಗೆಯಲೇಬೇಕಾದರೆ ಸಾರಾಂಶದಲ್ಲಿ ಪೂರಾ ವಾಕ್ಯ ಬರೆಯಿರಿ. ನಿಯಮಗಳ ಸಂಕೇತಾಕ್ಷರಗಳನ್ನು ಮಾತ್ರ ಎಸೆದರೆ ಹೊಸಬರಿಗೆ ಏನೂ ಅರ್ಥವಾಗುವುದಿಲ್ಲ. ಅವರು ಒಂದು ಕಾಗುಣಿತ ಸರಿಮಾಡಿದ್ದರೂ ಇತಿಹಾಸದಲ್ಲಿರುವ ‘ಧನ್ಯವಾದ’ ಕೊಂಡಿ ಒತ್ತಿ. 2013ರಲ್ಲಿ ಬಂದ ಈ ಪುಟ್ಟ ಸೌಲಭ್ಯವನ್ನು ನಾವು ಕಡಿಮೆ ಬಳಸುತ್ತೇವೆ ಎನ್ನುವುದು ನನ್ನ ಕೊರಗು.

ಹಂತ 6: ತೀರ್ಮಾನವನ್ನು ಬರೆದಿಡಿ

ಚರ್ಚೆ ಮುಗಿದಾಗ ನಿಮ್ಮ ಮಾತು ನಿಲ್ಲದೇ ಹೋಗಬಹುದು. ಆಗ ‘ನಾನು ಒಪ್ಪುವುದಿಲ್ಲ, ಆದರೆ ಒಮ್ಮತ ಹೀಗಿದೆ’ ಎಂದು ಒಂದು ಸಾಲು ಬರೆದು ಮುಂದಿನ ಲೇಖನಕ್ಕೆ ಹೋಗಿ. ಆ ಪುಟ ಕಣ್ಣಿಗೆ ಬಿದ್ದಾಗಲೆಲ್ಲ ಬೇಜಾರಾಗುತ್ತಿದ್ದರೆ ನಿಮ್ಮ ವೀಕ್ಷಣಾಪಟ್ಟಿಯಿಂದ (ನೀವು ಗಮನಿಸುತ್ತಿರುವ ಪುಟಗಳ ಪಟ್ಟಿಯಿಂದ) ತೆಗೆದುಬಿಡಿ. ಹೊಸ ಮೂಲ ಸಿಕ್ಕರೆ ಮತ್ತೆ ಮಾತು ತೆರೆಯಬಹುದು. ಒಮ್ಮತ ಬದಲಾಗಬಾರದು ಎಂದೇನಿಲ್ಲ.

ಮುಂದಿನ ವರ್ಷ ಇನ್ನೊಬ್ಬರು ಅದೇ ಪ್ರಶ್ನೆ ಹೊತ್ತು ಬರುತ್ತಾರೆ. ಅವರಿಗಾಗಿ ಚರ್ಚೆಯ ಕೊನೆಯಲ್ಲಿ ಏನು ತೀರ್ಮಾನವಾಯಿತು, ಯಾವ ಮೂಲಗಳನ್ನು ನೋಡಿದೆವು ಎಂದು ಎರಡು ಸಾಲು ಸೇರಿಸಿ. ಲೇಖನದಲ್ಲಿ ನದಿಯ ಉದ್ದ ಬರೆದ ಜಾಗದ ಪಕ್ಕ, ಸಂಪಾದಿಸುವವರಿಗೆ ಮಾತ್ರ ಕಾಣುವಂತೆ ಒಂದು ಟಿಪ್ಪಣಿಯನ್ನೂ ಇಡಬಹುದು: ‘ಈ ಅಂಕಿ ಬದಲಿಸುವ ಮೊದಲು ಚರ್ಚೆ ಪುಟ ನೋಡಿ. ನಿಮ್ಮ ಹತ್ತಿರ ಬೇರೆ ಮೂಲ ಇದ್ದರೆ ದಯವಿಟ್ಟು ಅಲ್ಲಿ ಹೇಳಿ.’