ಅಪ್ಪಾಜಿಯ ಬದುಕನ್ನು ಬರೆದಿಡುವುದು ಹೇಗೆ: ಡೈರಿ, ಟಿ.ಸಿ. ಮತ್ತು ಜೀಪ್ ಡ್ರೈವರ್

ಅಪ್ಪಾಜಿ ಲಿಂಗೈಕ್ಯರಾದ ಮೇಲೆ ಶಿವಗಣಾರಾಧನೆಗೆ ಬಂದವರಿಗೆ ಒಂದು ಸಣ್ಣ ಪುಸ್ತಕ ಹಂಚೋಣ ಅಂದ ನನ್ನ ತಮ್ಮ. ಬರೆಯುವ ಕೆಲಸ ನನಗೆ ಬಂತು. ಒಂದೇ ರಾತ್ರಿಯಲ್ಲಿ ನಾಲ್ಕು ಪುಟ ಬರೆದೆ. ಸರಳ ಸಜ್ಜನಿಕೆಯ ಸಾಕಾರಮೂರ್ತಿ, ಕರ್ತವ್ಯನಿಷ್ಠ ಎಂಜಿನಿಯರ್, ಮಕ್ಕಳೆಂದರೆ ಪ್ರಾಣ. ಬೆಳಗ್ಗೆ ಅವ್ವನಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಚೆನ್ನಾಗೈತಿ. ಯಾರ ಕತೆ ಇದು?" ಅಂದಳು.

ಆ ಪುಸ್ತಕ ಅಚ್ಚಾಗಲಿಲ್ಲ. ಇನ್ನೊಂದು ಆಗಿದ್ದು ವರ್ಷದ ಪುಣ್ಯಸ್ಮರಣೆಗೆ. ನಡುವೆ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ. ನಿಮ್ಮ ಮನೆಯ ನಿವೃತ್ತ ಎಂಜಿನಿಯರ್ ಇನ್ನೂ ವರಾಂಡದಲ್ಲಿ ಪೇಪರ್ ಓದುತ್ತ ಕೂತಿದ್ದರೆ ನೀವು ಪುಣ್ಯವಂತರು, ಇವತ್ತೇ ಶುರು ಮಾಡಿ.

ಮೊದಲನೆಯದು, ಹುಟ್ಟಿನಿಂದ ಶುರು ಮಾಡಬೇಡಿ. ಆ ತಲೆಮಾರಿನವರ ಹುಟ್ಟಿದ ತಾರೀಖೇ ಅನುಮಾನ. ಅಪ್ಪಾಜಿಯದು ದಾಖಲೆಯಲ್ಲಿ 1946ರ ಜೂನ್ 1. ಅವರ ಜೊತೆ ಶಾಲೆಗೆ ಸೇರಿದ ಮುಕ್ಕಾಲು ಹುಡುಗರದೂ ಅದೇ ದಿನ, ಮೇಷ್ಟ್ರು ಬರೆದುಕೊಂಡದ್ದು! ವರ್ಗಾವಣೆಯಿಂದ ಶುರು ಮಾಡಿ. ಒಂದು ದೊಡ್ಡ ಹಾಳೆ ತಗೊಂಡು ನಡುವೆ ಗೆರೆ ಎಳೆಯಿರಿ. ಎಡಗಡೆ ವರ್ಗಾವಣೆ ಆದೇಶದ ತಾರೀಖು ಮತ್ತು ಊರು. ಬಲಗಡೆ ಆಗ ಮನೆಯಲ್ಲಿ ಏನಾಯಿತು ಅನ್ನೋದು. ಇದಕ್ಕೆ ಮಕ್ಕಳ ಟಿ.ಸಿ.ಗಳಷ್ಟು ಒಳ್ಳೆ ಸಾಕ್ಷಿ ಇನ್ನೊಂದಿಲ್ಲ.

ನಮ್ಮ ಹಾಳೆಯಲ್ಲಿ 1987ರವರೆಗೆ ಎರಡೂ ಕಡೆ ಜೊತೆಜೊತೆಗೇ ಸಾಗುತ್ತಿತ್ತು. ಮಲೇಬೆನ್ನೂರು ಅಂತ ಆದೇಶ, ಮಲೇಬೆನ್ನೂರಿನ ಶಾಲೆ. ಆಮೇಲೆ ಎಡಗಡೆ ಇನ್ನೂ ನಾಲ್ಕು ಊರು ಬಂದವು, ಬಲಗಡೆ ದಾವಣಗೆರೆ ಒಂದೇ ಉಳಿಯಿತು. ಅಪ್ಪಾಜಿ ಹದಿನೇಳು ವರ್ಷ ಒಬ್ಬರೇ ಬಾಡಿಗೆ ರೂಮಿನಲ್ಲಿದ್ದು, ಶನಿವಾರ ರಾತ್ರಿ ಬಸ್ಸಿಗೆ ಬಂದು ಸೋಮವಾರ ನಸುಕಿಗೆ ಹೋಗುತ್ತಿದ್ದರು. ನಮಗದು ಗೊತ್ತಿರಲಿಲ್ಲ ಅಂತಲ್ಲ. ಆದರೆ ಹದಿನೇಳು ಅಂತ ಯಾರೂ ಎಣಿಸಿರಲಿಲ್ಲ. "ಮಕ್ಕಳೆಂದರೆ ಪ್ರಾಣ" ಅನ್ನೋ ಸಾಲನ್ನು ಅವತ್ತೇ ಹೊಡೆದುಹಾಕಿ, ಈ ಹಾಳೆಯನ್ನೇ ಪುಸ್ತಕದಲ್ಲಿ ಹಾಕಿದೆ.

ಒಂದು ಎಚ್ಚರಿಕೆ. ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೂ ಹಳೆಯ ಕಾಗದದಲ್ಲಿ ದಾವಣಗೆರೆ, ಹರಿಹರ ಎಲ್ಲ ಚಿತ್ರದುರ್ಗ ಜಿಲ್ಲೆಯಲ್ಲೇ ಇರುತ್ತವೆ, ಚನ್ನಗಿರಿ ಆದರೆ ಶಿವಮೊಗ್ಗ ಜಿಲ್ಲೆ. ಜಿಲ್ಲೆಯ ಹೆಸರು ನೋಡಿ, ಅಪ್ಪಾಜಿ ದುರ್ಗದಲ್ಲಿದ್ದರು ಅಂತ ನನ್ನ ತಮ್ಮ ಎರಡು ಪುಟ ಬರೆದುಬಿಟ್ಟಿದ್ದ.

ಎರಡನೆಯದು ಡೈರಿ. ಎಂಜಿನಿಯರುಗಳು ಮನಸ್ಸಿನಲ್ಲಿರುವುದನ್ನು ಬರೆಯೋದಿಲ್ಲ, ಲೆಕ್ಕ ಬರೆಯುತ್ತಾರೆ. ಬರೀ ಅಂಕಿ ಅಂತ ರದ್ದಿಗೆ ಹಾಕಬೇಡಿ. ಅಪ್ಪಾಜಿ 1951ರಲ್ಲಿ ಶುರುವಾದ ದಾವಣಗೆರೆಯ ಬಿಡಿಟಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಿವಿಲ್ ಓದಿದವರು, ಸರ್ವೀಸಿನ ಹೆಚ್ಚಿನ ಭಾಗ ಭದ್ರಾ ಕಾಲುವೆ ಮೇಲೇ ಕಳೆದವರು. ಅವರ ಡೈರಿ ತುಂಬ ಗೇಜಿನ ಲೆಕ್ಕ, ಅಂದರೆ ಕಾಲುವೆಯಲ್ಲಿ ಎಷ್ಟು ಅಡಿ ನೀರು ಅನ್ನೋದು. 1986ರ ಫೆಬ್ರವರಿಯ ಒಂದು ಪುಟ ನೋಡಿ. ಬೇಸಿಗೆ ಬೆಳೆಗೆ ನೀರು ಬಿಟ್ಟ ಸಮಯ. ಬೆಳಗ್ಗೆ 6: 3.4. ಸಂಜೆ 6: 3.1. ಅದರ ಕೆಳಗೆ ಅದೇ ಸ್ಕೇಲಿನಲ್ಲಿ ಗೆರೆ ಎಳೆದು ಇನ್ನೊಂದು ಪಟ್ಟಿ. ರಾತ್ರಿ 10: 102. ರಾತ್ರಿ 12: 102.4. ರಾತ್ರಿ 2: 101. ಬೆಳಗ್ಗೆ 4: 99.6. ಇದ್ಯಾವ ಕಾಲುವೆ ಅಂತ ನಾನು ಬಹಳ ಹೊತ್ತು ಯೋಚಿಸಿದೆ. ಅವ್ವ ಕನ್ನಡಕ ಹಾಕಿಕೊಂಡು ನೋಡಿ, "ನಿನ್ನ ಜ್ವರ ಕಣೆ" ಅಂದಳು. ನನಗಾಗ ಹತ್ತು ವರ್ಷ.

ಇಂಥ ಒಂದು ಪುಟ ಸಿಕ್ಕರೆ ಅದರ ಫೋಟೊ ತೆಗೆದು ದೊಡ್ಡದಾಗಿ ಅಚ್ಚು ಹಾಕಿಸಿ. ಕೆಳಗೆ ವ್ಯಾಖ್ಯಾನ ಬೇಡ.

ಮೂರನೆಯದು, ಯಾರನ್ನು ಕೇಳಬೇಕು? ಜೊತೆಯ ಎಂಜಿನಿಯರುಗಳನ್ನು ಕೇಳಿ, ಆದರೆ ಅವರು ಬೀಳ್ಕೊಡುಗೆ ಭಾಷಣ ಮಾಡುತ್ತಾರೆ. ಸೌಡಿಗಳನ್ನು, ಅಂದರೆ ಕಾಲುವೆ ನೀರು ಬಿಡುವ ಕೆಲಸದವರನ್ನು, ಜೀಪ್ ಡ್ರೈವರನ್ನು ಹುಡುಕಿ. ಫೋನಿನಲ್ಲಿ ಕೇಳಬೇಡಿ, ಹೋಗಿ. ಕೈಬೀಸಿಕೊಂಡೂ ಹೋಗಬೇಡಿ. ಖಾರಾ ಮಂಡಕ್ಕಿ, ಬಿಸಿ ಮಿರ್ಚಿ ಮುಂದಿದ್ದರೆ ದಾವಣಗೆರೆಯಲ್ಲಿ ಮಾತು ತಾನಾಗಿ ಬರುತ್ತದೆ. ಮೊಬೈಲಿನಲ್ಲಿ ರೆಕಾರ್ಡ್ ಹಾಕುವ ಮೊದಲು ಅವರಿಗೆ ಹೇಳಿ, ಫ್ಯಾನ್ ಆರಿಸಿ.

"ಸಾಹೇಬ್ರು ಹೆಂಗಿದ್ರು" ಅಂತ ಕೇಳಿದರೆ "ದೇವ್ರಂಥೋರು" ಅನ್ನುವ ಉತ್ತರ ಬರುತ್ತದೆ, ಅಲ್ಲಿಗೆ ಮುಗೀತು. "ರಾತ್ರಿ ಊಟ ಎಲ್ಲಿ ಮಾಡ್ತಿದ್ರಿ" ಅಂತ ಕೇಳಿ. ಡ್ರೈವರ್ ಅಣ್ಣ ಹೇಳಿದ್ದು ಹೀಗೆ (ತೂಬು ಅಂದರೆ ಕಾಲುವೆಯಿಂದ ನೀರು ಬಿಡುವ ಬಾಗಿಲು): "ಮ್ಯಾಲಿನೋರು ರಾತ್ರೋರಾತ್ರಿ ತೂಬು ಎತ್ತಿಬಿಡೋರು ಕಣಮ್ಮ, ಕೊನೆ ಭಾಗಕ್ಕೆ ನೀರೇ ಹೋಗ್ತಿರಲಿಲ್ಲ. ಸಾಹೇಬ್ರು ಬೈತಿರಲಿಲ್ಲ. ಬುತ್ತಿ ತಂದು ತೂಬಿನ ಮ್ಯಾಲೇ ಕೂತು ಉಣ್ಣೋರು, ಅಲ್ಲೇ ಮಲಗೋರು. ಅವರು ಮಲಗಿರೋ ತೂಬು ಯಾರು ಎತ್ತತಾರೆ?" ಅಪ್ಪಾಜಿ ಇದನ್ನು ಮನೆಯಲ್ಲಿ ಯಾವತ್ತೂ ಹೇಳಿರಲಿಲ್ಲ.

ಕಾಲುವೆಯ ಪದಗಳು ಮೊಮ್ಮಕ್ಕಳಿಗೆ ಅರ್ಥವಾಗಲ್ಲ. ಹಾಗಂತ ತೆಗೆದುಹಾಕಬೇಡಿ, ಅಲ್ಲೇ ಒಂದು ಸಾಲು ಸೇರಿಸಿ. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ಸುಮಾರು 28 ಲೀಟರ್. ಸೆಕೆಂಡಿಗೆ ಎರಡು ಕೊಡ ಅಂದುಕೊಳ್ಳಿ, ಸಾಕು.

ಫೋಟೊಗಳ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಹಳೆ ಆಲ್ಬಮಿಗೆ ಅಂಟಿದ್ದನ್ನು ಕೀಳಬೇಡಿ. ನಾವು ಕಿತ್ತು, ಮದುವೆ ಫೋಟೊದಲ್ಲಿ ಅಪ್ಪಾಜಿಯ ಪೇಟ ಹರಿದುಹೋಯಿತು. ಕಿಟಕಿ ಪಕ್ಕ ಇಟ್ಟು, ಫ್ಲಾಶ್ ಇಲ್ಲದೆ ಮೊಬೈಲಿನಲ್ಲೇ ತೆಗೆಯಿರಿ. ಬಿಡಿ ಫೋಟೊಗಳ ಹಿಂದೆ ಹೆಸರು ಬರೆಯುವುದಾದರೆ ಪೆನ್ಸಿಲ್, ಬಾಲ್ ಪೆನ್ ಬೇಡ.

ಧ್ವನಿಗೆ ಮೊಮ್ಮಕ್ಕಳ ಮೊಬೈಲ್ ಹುಡುಕಿ. ಅಪ್ಪಾಜಿ ಹಿರಿಯೂರು ಕಡೆಯವರು. 1933ರಲ್ಲಿ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ ಜಲಾಶಯ, ಕೋಡಿ ಬಿದ್ದದ್ದನ್ನು ಅವರ ಅಪ್ಪ ನೋಡಿದ್ದರಂತೆ, ಇವರು ಆ ಕತೆ ಕೇಳುತ್ತಲೇ ಬೆಳೆದವರು. 2022ರ ಸೆಪ್ಟೆಂಬರಿನಲ್ಲಿ, 89 ವರ್ಷದ ಮೇಲೆ, ಮತ್ತೆ ಕೋಡಿ ಬಿತ್ತು. ಕರೆದುಕೊಂಡು ಹೋದೆವು. ಜಾತ್ರೆಯಂಥ ಜನ, ಎಲ್ಲರೂ ಸೆಲ್ಫಿ ತೆಗೆಯುತ್ತಿದ್ದರು. ನನ್ನ ಮಗನ ವಿಡಿಯೊ ನಲವತ್ತು ಸೆಕೆಂಡ್ ಇದೆ. ಅದರಲ್ಲಿ ಅಪ್ಪಾಜಿ ಕಾಣುವುದೇ ಇಲ್ಲ, ನೀರಿನ ಸದ್ದಿನ ಮೇಲೆ ಅವರ ಧ್ವನಿ ಮಾತ್ರ ಕೇಳುತ್ತದೆ: "ಕೋಡಿ ಮೇಲೆ ಎಷ್ಟು ಇಂಚು ಹೋಗ್ತೈತಿ, ಅಂದಾಜು ಮಾಡು ನೋಡಣ." ಆಮೇಲೆ, "ಹುಷಾರು, ಹಿಂದಕ್ಕೆ ಬಾ." ಇದನ್ನು ಮೂರು ಕಡೆ ಇಟ್ಟಿದ್ದೇವೆ, ನೀವೂ ಹಾಗೇ ಮಾಡಿ. ಮೊಬೈಲ್ ಒಂದನ್ನೇ ನಂಬಬೇಡಿ.

ಅಚ್ಚಿಗೆ ಕೊಡುವ ಮುಂಚೆ ಮನೆಯ ಹಿರಿಯರಿಗೆ ಜೋರಾಗಿ ಓದಿ ಹೇಳಿ. ಅವ್ವ ಈ ಸಲ ಎರಡು ಕಡೆ ತಡೆದಳು, ಒಂದು ಕಡೆ ಎದ್ದು ಒಳಗೆ ಹೋದಳು. ಕೊನೆಗೆ ನಾಲ್ಕು ಖಾಲಿ ಪುಟ ಬಿಡಿಸಿ, ಓದಿದವರು ತಪ್ಪು ಹೇಳೇ ಹೇಳುತ್ತಾರೆ. ಪುಸ್ತಕ ಹಂಚಿದ ಮಾರನೇ ದಿನ ಬೆಳಗ್ಗೆ ಆರಕ್ಕೇ ಡ್ರೈವರ್ ಅಣ್ಣನ ಫೋನ್. "ಎಲ್ಲಾ ಸರಿ ಐತಮ್ಮ. ಹದಿನಾಲ್ಕನೇ ಪುಟದಾಗೆ ಜೀಪು ಹಸಿರು ಅಂತ ಬರೆದೀರಿ. ಅದು ಬೂದಿ ಬಣ್ಣದ್ದು."