ಬೇಸ್ ನುಡಿಸುವವರಿಗೆ ಖುಷಿ ಕೊಡುವ ಹಾಡುಗಳು: ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು

ಬೇಸ್ ಗಿಟಾರ್ ನುಡಿಸುವವರು ಮತ್ತೆ ಮತ್ತೆ ಕೈಗೆತ್ತಿಕೊಳ್ಳುವ ಹಾಡುಗಳನ್ನು ಗಮನಿಸಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಅವುಗಳಲ್ಲಿ ಹೆಚ್ಚಿನವು ಬೆರಳು ಮುರಿಯುವಂಥ ಕಷ್ಟದವಲ್ಲ. ಏಳೆಂಟು ಸ್ವರಗಳ ಒಂದು ರಿಫ್ (ಮತ್ತೆ ಮತ್ತೆ ಬರುವ ಸ್ವರಗಳ ತುಣುಕು), ಹಾಡು ಮುಗಿಯುವವರೆಗೂ ಹೆಚ್ಚುಕಡಿಮೆ ಅದೇ. ಖುಷಿಯೆಲ್ಲ ಇರುವುದು ಪ್ರತಿ ಸ್ವರ ಎಷ್ಟು ಹೊತ್ತು ನಿಲ್ಲುತ್ತದೆ, ಎಲ್ಲಿ ಕಡಿಯುತ್ತದೆ, ಕಿಕ್ ಡ್ರಮ್ (ಕಾಲಲ್ಲಿ ಹೊಡೆಯುವ ದೊಡ್ಡ ಡ್ರಮ್) ಜೊತೆ ಹೇಗೆ ಕೂಡಿಕೊಳ್ಳುತ್ತದೆ ಎನ್ನುವುದರಲ್ಲಿ. ಫ್ರೆಟ್ (ಕುತ್ತಿಗೆಯ ಮೇಲಿನ ಲೋಹದ ಕಂಬಿಗಳ ಮನೆ) ನಂಬರುಗಳನ್ನು ಯಾರಾದರೂ ಹತ್ತು ನಿಮಿಷದಲ್ಲಿ ಕಲಿತುಬಿಡಬಹುದು. ಹಾಗೆ ಕಲಿತ ಮೇಲೂ ಹಾಡು ಚಪ್ಪೆ ಎನಿಸಿದರೆ, ತಪ್ಪು ಸಾಮಾನ್ಯವಾಗಿ ಸ್ವರದ ಆರಂಭದಲ್ಲಿ ಇರುವುದಿಲ್ಲ, ಅದರ ಕೊನೆಯಲ್ಲಿ ಇರುತ್ತದೆ.

ಕೆಳಗಿನ ಎಲ್ಲವೂ ನಾಲ್ಕು ತಂತಿಯ ಬೇಸ್‌ಗೆ, ಮಾಮೂಲಿ ಟ್ಯೂನಿಂಗ್‌ನಲ್ಲಿ: ದಪ್ಪ ತಂತಿಯಿಂದ ಇ, ಎ, ಡಿ, ಜಿ. ಅಂಕಿಗಳು ಫ್ರೆಟ್ ನಂಬರುಗಳು, ಸೊನ್ನೆ ಎಂದರೆ ಓಪನ್ ತಂತಿ, ಅಂದರೆ ಎಡಗೈಯಿಂದ ಒತ್ತದೆ ಮೀಟುವುದು.

ಮೊದಲು, ತಂತಿ ನಿಲ್ಲಿಸುವುದು

ಬೇಸ್‌ನ ತಂತಿ ತಾನಾಗಿ ನಿಲ್ಲುವುದಿಲ್ಲ. ಒಂದನ್ನು ಮೀಟಿದರೆ ಪಕ್ಕದ್ದೂ ಸಣ್ಣಗೆ ಗುಂಯ್ ಎನ್ನುತ್ತದೆ. ಬಲಗೈ ಹೆಬ್ಬೆರಳನ್ನು ಪಿಕಪ್ (ತಂತಿಗಳ ಅಡಿಯಲ್ಲಿ ದನಿ ಹಿಡಿಯುವ ಪಟ್ಟಿ) ಮೇಲೆ ಊರಿ ಕೂರಿಸದೆ, ನೀವು ಮೀಟುವ ತಂತಿಗಿಂತ ದಪ್ಪ ತಂತಿಗಳ ಮೇಲೆ ಮಲಗಿಸಿ. ಎ ತಂತಿ ಮೀಟುವಾಗ ಹೆಬ್ಬೆರಳು ಇ ಮೇಲೆ, ಡಿ ಮೀಟುವಾಗ ಇ ಮತ್ತು ಎ ಎರಡರ ಮೇಲೆ. ತೆಳು ತಂತಿಗಳನ್ನು ಎಡಗೈ ಬೆರಳುಗಳ ಒಳಭಾಗ ನೋಡಿಕೊಳ್ಳುತ್ತದೆ.

ಓಪನ್ ತಂತಿಯನ್ನು ಎಡಗೈಯಿಂದ ನಿಲ್ಲಿಸುವಾಗ ಒಂದೇ ಬೆರಳು ಇಡಬೇಡಿ. ಆ ಬೆರಳು 5, 7 ಅಥವಾ 12ನೇ ಫ್ರೆಟ್ ಮೇಲೆ ಬಿದ್ದರೆ ತಂತಿ ನಿಲ್ಲುವ ಬದಲು ಹಾರ್ಮೋನಿಕ್ ಆಗಿ ಗಂಟೆಯಂತೆ ಮೊಳಗುತ್ತದೆ. ಎರಡು ಮೂರು ಬೆರಳು ಒಟ್ಟಿಗೆ, ಒತ್ತದೆ, ಸುಮ್ಮನೆ ತಾಗಿಸಿ. ಈ ಒಂದು ಅಭ್ಯಾಸ ಮುಂದಿನ ಎಲ್ಲ ಹಾಡುಗಳಿಗೂ ಬೇಕು.

ಮೂರು ಇ, ಆಮೇಲೆ ಮೌನ

ಕ್ವೀನ್ ತಂಡದ ‘ಅನದರ್ ಒನ್ ಬೈಟ್ಸ್ ದ ಡಸ್ಟ್’ (1980) ಬರೆದವರು ಆ ತಂಡದ ಬೇಸ್ ವಾದಕ ಜಾನ್ ಡೀಕನ್ ಅವರೇ. ವೇಗ ನಿಮಿಷಕ್ಕೆ ಸುಮಾರು 110 ಬೀಟ್. ಇಡೀ ರಿಫ್ ಇ ತಂತಿಯೊಂದರಲ್ಲೇ ಬರುತ್ತದೆ:

ಎತ್ತುಗಡೆ: 5 3
ಮೊದಲ ಬಾರ್ (ನಾಲ್ಕು ಬೀಟ್‌ನ ಒಂದು ಸುತ್ತು): 0 0 0, ನಂತರ ಬಿಡುವು
ಮುಂದೆ: 0 0 0 3 0 5

ಮೊದಲ ಮೂರು ಇ ಸ್ವರಗಳು ಒಂದು, ಎರಡು, ಮೂರನೇ ಬೀಟ್ ಮೇಲೆ ಸರಿಯಾಗಿ ಕೂರುತ್ತವೆ. ಪ್ರತಿಯೊಂದೂ ಗಿಡ್ಡ, ಮೀಟಿದ ಕೂಡಲೇ ಕತ್ತರಿಸಬೇಕು. ಇಲ್ಲಿ ಹೆಚ್ಚಿನವರು ಎಡವುವುದು ಮೂರನೇ ಇ ನಂತರ. ಅದನ್ನು ಮೊಳಗಲು ಬಿಟ್ಟರೆ ಬಿಡುವು ತುಂಬಿಹೋಗುತ್ತದೆ, ರಿಫ್‌ನ ಹಲ್ಲೇ ಕಿತ್ತುಹೋಗುತ್ತದೆ. ಓಪನ್ ತಂತಿಯಾದ್ದರಿಂದ ಒತ್ತಿದ ಬೆರಳು ಸಡಿಲಿಸಿ ನಿಲ್ಲಿಸುವ ಸೌಕರ್ಯವೂ ಇಲ್ಲ. ಮುಂದೆ ಮೀಟಬೇಕಾದ ಬಲಗೈ ಬೆರಳನ್ನೇ ಮೊದಲೇ ತಂದು ತಂತಿಯ ಮೇಲೆ ಊರಿ, ಎಡಗೈಯನ್ನೂ ಮಲಗಿಸಿ. ಎರಡೂ ಕೈ ಒಟ್ಟಿಗೆ ಮುಚ್ಚಿದರೆ ಮಾತ್ರ ಮೌನ ಚೊಕ್ಕಟವಾಗಿ ಬರುತ್ತದೆ.

ಇದಕ್ಕೊಂದು ಪರೀಕ್ಷೆ ಇದೆ. ಮೆಟ್ರೊನೋಮ್ ಅನ್ನು 70ಕ್ಕೆ ಇಳಿಸಿ, ಮೂರು ಇ ನುಡಿಸಿ, ನಾಲ್ಕನೇ ಬೀಟ್‌ನ ಟಿಕ್ ಒಂಟಿಯಾಗಿ ಕೇಳುತ್ತದೆಯೇ ನೋಡಿ. ಟಿಕ್ ಹಿಂದೆ ಗುಂಯ್ ಎನ್ನುವ ಬಾಲ ಕೇಳಿದರೆ ಇನ್ನೂ ಕೈ ಹದಕ್ಕೆ ಬಂದಿಲ್ಲ ಎಂದರ್ಥ.

ಇದರ ಜೊತೆಗೇ ಷಿಕ್ ತಂಡದ ‘ಗುಡ್ ಟೈಮ್ಸ್’ (1979) ಕಲಿಯಿರಿ. ಬರ್ನಾರ್ಡ್ ಎಡ್ವರ್ಡ್ಸ್ ನುಡಿಸಿದ ಆ ರಿಫ್ ಕೂಡ ಮೂರು ಇ ಸ್ವರಗಳಿಂದಲೇ ಶುರುವಾಗುತ್ತದೆ. ಹೋಲಿಕೆ ಕಿವಿಗೆ ತಕ್ಷಣ ಸಿಗುತ್ತದೆ. ಆದರೆ ಮೂರರ ನಂತರ ಡೀಕನ್ ಸುಮ್ಮನಾದರೆ, ಎಡ್ವರ್ಡ್ಸ್ ಮಾತಾಡುತ್ತಲೇ ಹೋಗುತ್ತಾರೆ. ಒಂದರ ಹಿಂದೆ ಒಂದು ನುಡಿಸಿದರೆ, ಒಂದೇ ಆರಂಭದಿಂದ ಎರಡು ಬೇರೆ ಲೋಕ ಹೇಗೆ ಹುಟ್ಟುತ್ತದೆ ಎಂದು ಕೈಗೇ ಗೊತ್ತಾಗುತ್ತದೆ.

ಕೈ ಅಲ್ಲಾಡಿಸದೆ ಇಡೀ ಹಾಡು

ಮೈಕೆಲ್ ಜಾಕ್ಸನ್ ಅವರ ‘ಬಿಲ್ಲೀ ಜೀನ್’ 1982ರ ‘ಥ್ರಿಲ್ಲರ್’ ಆಲ್ಬಮ್‌ನದು. ಬೇಸ್ ಲೂಯಿಸ್ ಜಾನ್ಸನ್. ಎಫ್ ಶಾರ್ಪ್ ಮೈನರ್, ವೇಗ ಸುಮಾರು 117. ಒಂದು ಬಾರ್‌ಗೆ ಎಂಟು ಸಮ ಸ್ವರ:

ಇ ತಂತಿ 2, ಎ ತಂತಿ 4, ಡಿ ತಂತಿ 2, ಡಿ ತಂತಿ 4, ಡಿ ತಂತಿ 2, ಎ ತಂತಿ 4, ಎ ತಂತಿ 2, ಎ ತಂತಿ 4

ತೋರುಬೆರಳು 2ನೇ ಫ್ರೆಟ್‌ಗೆ, 4ಕ್ಕೆ ಉಂಗುರದ ಬೆರಳು. ಕೈ ಚಿಕ್ಕದಾಗಿದ್ದರೆ ಕಿರುಬೆರಳು ಬಳಸಿ, ಉಂಗುರದ ಬೆರಳನ್ನು ಅದರ ಬೆನ್ನಿಗೆ ಆಸರೆಯಾಗಿ ಇಡಿ. ಕಾರ್ಡ್ (ಒಟ್ಟಿಗೆ ಮೊಳಗುವ ಸ್ವರಗಳ ಗುಚ್ಛ) ಬಿ ಮೈನರ್‌ಗೆ ಹೋದಾಗ ಇದೇ ಆಕಾರವನ್ನು ಒಂದು ತಂತಿ ಕೆಳಗೆ, ಅಂದರೆ ಎ ತಂತಿಯಿಂದ ಶುರುಮಾಡಿ. ಫ್ರೆಟ್ ನಂಬರುಗಳು ಬದಲಾಗುವುದಿಲ್ಲ.

ಕೇಳಲು ಸುಲಭ. ತೊಂದರೆ ಐದನೇ ಸ್ವರದಿಂದ ಆರಕ್ಕೆ ಇಳಿಯುವಲ್ಲಿ, ಡಿ ತಂತಿಯಿಂದ ಎ ತಂತಿಗೆ. ತೆಳು ತಂತಿ ಮೀಟಿದ ಬೆರಳು ತಾನಾಗಿ ದಪ್ಪ ತಂತಿಯ ಮೇಲೆ ಬಂದು ನಿಲ್ಲುವುದರಿಂದ, ಅದೇ ಬೆರಳಲ್ಲಿ ಎಳೆದುಬಿಡುವ ಆಸೆಯಾಗುತ್ತದೆ. ಹಾಗೆ ಎಳೆದರೆ ಆರನೇ ಸ್ವರ ಕೂದಲೆಳೆಯಷ್ಟು ಮುಂಚೆ ಬೀಳುತ್ತದೆ. ಪ್ರತಿ ಬಾರ್‌ನಲ್ಲೂ ಅಷ್ಟಷ್ಟೇ ಸೇರಿ ಎರಡು ನಿಮಿಷದೊಳಗೆ ನೀವು ಡ್ರಮ್‌ಗಿಂತ ಮುಂದೆ ಓಡುತ್ತಿರುತ್ತೀರಿ. ತೋರು, ಮಧ್ಯ, ತೋರು, ಮಧ್ಯ ಎಂದು ಕಟ್ಟುನಿಟ್ಟಾಗಿ ಬೆರಳು ಬದಲಿಸಿ ನಿಧಾನವಾಗಿ ಕಲಿಯಿರಿ. ಎಳೆಯುವುದು ತಪ್ಪೇನಲ್ಲ, ಆದರೆ ಅದು ಲಯ ಗಟ್ಟಿಯಾದ ಮೇಲಿನ ಮಾತು.

ಇನ್ನೊಂದು, ಮುಂಗೈ ಕಲ್ಲಾಗುವುದು. ಹಾಡು ಐದು ನಿಮಿಷಕ್ಕೆ ಸ್ವಲ್ಪ ಕಡಿಮೆ, ಬಿಡುವೇ ಇಲ್ಲ. ಮೂರನೇ ನಿಮಿಷಕ್ಕೆ ಎಡಗೈ ಉರಿಯುತ್ತಿದ್ದರೆ ನೀವು ಬೇಕಾದ್ದಕ್ಕಿಂತ ಜಾಸ್ತಿ ಒತ್ತುತ್ತಿದ್ದೀರಿ. ಬೆರಳನ್ನು ಫ್ರೆಟ್ ಕಂಬಿಯ ಬೆನ್ನಿಗೇ ತಂದಿಟ್ಟರೆ ಅರ್ಧ ಬಲ ಸಾಕು. ಎರಡು ಕಂಬಿಗಳ ಮಧ್ಯೆ ಒತ್ತಿದಾಗ ತಂತಿ ಚರಚರ ಎನ್ನುತ್ತದೆ, ಅದನ್ನು ಅಡಗಿಸಲು ಇನ್ನಷ್ಟು ಒತ್ತುತ್ತೇವೆ, ಕೈ ಸೋಲುತ್ತದೆ.

ಏಳು ಬೀಟ್‌ನ ಮಜಾ

ಬಿಲ್ಲೀ ಜೀನ್ ಬಂದ ಕೈಗೆ ಪಿಂಕ್ ಫ್ಲಾಯ್ಡ್‌ನ ‘ಮನಿ’ (1973) ಹತ್ತಿರದ ನೆಂಟ. ಎರಡರಿಂದ ಐದನೇ ಫ್ರೆಟ್‌ನೊಳಗೇ ಕೆಲಸ:

ಎ 2, ಜಿ 4, ಡಿ 4, ಎ 2, ಇ 2, ಇ 5, ಎ 2, ಎ 5

ಸ್ವರ ಎಂಟು, ಬೀಟ್ ಏಳು. ಎರಡನೇ ಬೀಟ್‌ನಲ್ಲಿ ಮಾತ್ರ ಎರಡು ಸ್ವರ, ಉಳಿದವಕ್ಕೆ ಒಂದೊಂದು. ‘ಒಂದು ಎರಡು ಮೂರು’ ಎಂದು ಏಳರವರೆಗೆ ಎಣಿಸುವುದಕ್ಕಿಂತ ‘ತಕಧಿಮಿ ತಕಿಟ’ ಎಂದು ಬಾಯಲ್ಲಿ ಹೇಳಿಕೊಳ್ಳುವುದು ಎಷ್ಟೋ ವಾಸಿ. ಅಕ್ಷರಕ್ಕೆ ಒಂದು ಬೀಟ್, ‘ಕ’ ಬಂದಾಗ ಎರಡು ಸ್ವರ. ಆ ಎರಡು ಸ್ವರಗಳೂ ಸಮಪಾಲಲ್ಲ. ಬೀಟನ್ನು ಮೂರು ಪಾಲು ಮಾಡಿ ಮೊದಲ ಸ್ವರಕ್ಕೆ ಎರಡು ಪಾಲು, ಎರಡನೆಯದಕ್ಕೆ ಒಂದು ಕೊಡಿ. ಸಮವಾಗಿ ನುಡಿಸಿದರೆ ಸ್ವರಗಳೆಲ್ಲ ಸರಿಯಿದ್ದೂ ಹಾಡು ಬೇರೇನೋ ಆಗಿಬಿಡುತ್ತದೆ.

ಎಂಟನೇ ಬೀಟ್ ಸೇರಿಸಿಬಿಡುವುದು ಎಲ್ಲರೂ ಮಾಡುವ ತಪ್ಪು. ಕೊನೆಯ ಎ 5 ಅನ್ನು ಎಳೆಯದೆ ನೇರ ಎ 2ಕ್ಕೆ ಹೋಗಿ. ಕೊನೆಯ ಮೂರು ಸ್ವರ ಮತ್ತು ಮೊದಲ ಒಂದನ್ನು ಮಾತ್ರ ಸುತ್ತುಸುತ್ತಾಗಿ ಅಭ್ಯಾಸ ಮಾಡಿದರೆ ಆ ಬೆಸುಗೆ ಕೂಡುತ್ತದೆ. ಸ್ಯಾಕ್ಸೊಫೋನ್ ಸೋಲೊ ಏಳರಲ್ಲೇ ಇದೆ, ಗಿಟಾರ್ ಸೋಲೊ ಬಂದಾಗ ನಾಲ್ಕಕ್ಕೆ ತಿರುಗುತ್ತದೆ. ಆ ತಿರುವಿನಲ್ಲಿ ಡ್ರಮ್ಮರ್ ಕಡೆ ನೋಡುತ್ತಿರಿ.

ಹೊಸಬರಿಗೆ ಎರಡು

‘ಸೆವೆನ್ ನೇಷನ್ ಆರ್ಮಿ’ (2003), ದ ವೈಟ್ ಸ್ಟ್ರೈಪ್ಸ್: ಎ ತಂತಿಯಲ್ಲಿ 7 7 10 7 5 3 2. ಮೂಲದಲ್ಲಿ ಇದು ಬೇಸೇ ಅಲ್ಲ, ಪೆಡಲ್ ಹಾಕಿ ಒಂದು ಆಕ್ಟೇವ್ ಕೆಳಗಿಳಿಸಿದ ಗಿಟಾರ್. ಆದರೂ ಬೇಸ್‌ನಲ್ಲಿ ನುಡಿಸಲು ತುಂಬ ಚೆಂದ. ಮೊದಲ ಸ್ವರವನ್ನು ಪೂರ್ತಿ ಹಿಡಿಯಿರಿ, ಬೇಗ ಬಿಟ್ಟರೆ ಅದರ ಭಾರ ಹೋಗುತ್ತದೆ. 7ಕ್ಕೆ ತೋರುಬೆರಳಿಟ್ಟು 10ಕ್ಕೆ ಕಿರುಬೆರಳು ಹಾಕಿದರೆ ಕೈ ಜಿಗಿಯಬೇಕಿಲ್ಲ.

ಯು2 ತಂಡದ ‘ವಿತ್ ಆರ್ ವಿತೌಟ್ ಯೂ’ (1987): ಡಿ, ಎ, ಬಿ, ಜಿ, ಒಂದೊಂದು ಬಾರ್‌ಗೆ ಎಂಟೆಂಟು ಸಮ ಸ್ವರ, ವೇಗ 110. ಎಲ್ಲ ಎಂಟೂ ಒಂದೇ ಗಟ್ಟಿತನದಲ್ಲಿ ಬರಬೇಕು. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದರೆ ಮಧ್ಯಬೆರಳಿನ ಸ್ವರ ಮೆತ್ತಗಿರುವುದು ತಕ್ಷಣ ಗೊತ್ತಾಗುತ್ತದೆ.

ಜೇಮರ್ಸನ್ ದಾರಿ

ಅಮೆರಿಕದ ಮೋಟೌನ್ ಎಂಬ ಧ್ವನಿಮುದ್ರಣ ಕಂಪನಿಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಬಲಗೈಯ ತೋರುಬೆರಳೊಂದರಲ್ಲೇ ಮೀಟುತ್ತಿದ್ದರು. ಆ ಬೆರಳಿಗೆ ‘ಹುಕ್’ ಎಂಬ ಅಡ್ಡಹೆಸರೇ ಬಿದ್ದಿತ್ತು. ‘ಏಂಟ್ ನೋ ಮೌಂಟನ್ ಹೈ ಎನಫ್’ (1967) ಅಥವಾ ‘ವಾಟ್ಸ್ ಗೋಯಿಂಗ್ ಆನ್’ (1971) ಎತ್ತಿಕೊಂಡರೆ ಬೇಸ್ ಎಂಬುದು ಹಾಡಿನ ಅಡಿಯಲ್ಲಿ ಹಾಡುವ ಇನ್ನೊಂದು ಕಂಠ ಎಂದು ಅರ್ಥವಾಗುತ್ತದೆ. ನಮ್ಮ ಅಭಿಪ್ರಾಯದಲ್ಲಿ ಒಂದೇ ಹಾಡಿಗೆ ಇಡೀ ತಿಂಗಳು ಕೊಡುವುದಾದರೆ ಇವೆರಡರಲ್ಲಿ ಒಂದಕ್ಕೆ ಕೊಡಬೇಕು.

ಟ್ಯಾಬ್ (ತಂತಿ ಮತ್ತು ಫ್ರೆಟ್ ನಂಬರುಗಳ ಬರಹ) ಇಟ್ಟುಕೊಂಡು ಮೊದಲ ಸ್ವರದಿಂದ ಉರುಹೊಡೆಯಲು ಹೋದರೆ ಎರಡನೇ ಸಾಲಿಗೇ ಸುಸ್ತಾಗುತ್ತೀರಿ. ಮೂರು ಸುತ್ತಿನಲ್ಲಿ ಕಲಿಯಿರಿ. ಮೊದಲ ಸುತ್ತಿನಲ್ಲಿ ಕಾರ್ಡ್ ಬದಲಾಗುವ ಜಾಗಕ್ಕೆ ಆ ಕಾರ್ಡ್‌ನ ಮೂಲಸ್ವರ ಮಾತ್ರ. ಎರಡನೆಯದರಲ್ಲಿ ಅದೇ ಕಾರ್ಡ್‌ನ ಮೂರನೇ, ಐದನೇ ಸ್ವರಗಳು. ಕೊನೆಯ ಸುತ್ತಿನಲ್ಲಿ, ಮುಂದಿನ ಕಾರ್ಡ್‌ಗೆ ಒಂದು ಫ್ರೆಟ್ ಮೇಲಿಂದಲೋ ಕೆಳಗಿನಿಂದಲೋ ಜಾರಿ ಬರುವ ಸ್ವರಗಳು ಮತ್ತು ಶ್ರುತಿಯಿಲ್ಲದೆ ‘ಟಕ್’ ಎನ್ನುವ ಮ್ಯೂಟ್ ಹೊಡೆತಗಳು.

ಆ ದುಂಡನೆಯ ದನಿಗೆ ಅವರ ಫ್ಲಾಟ್‌ವೌಂಡ್ (ಮೇಲ್ಮೈ ನುಣುಪಾದ) ತಂತಿಗಳೂ ಬ್ರಿಜ್ (ತಂತಿಗಳ ಬುಡ ಕೂರುವ ಭಾಗ) ಬಳಿಯ ಫೋಮ್ ತುಂಡೂ ಕಾರಣ. ತಂತಿ ಬದಲಿಸುವ ಅಗತ್ಯವಿಲ್ಲ. ಒಂದು ಸ್ಪಂಜಿನ ಪಟ್ಟಿ ಕತ್ತರಿಸಿ ಬ್ರಿಜ್‌ಗೆ ಒತ್ತಿಕೊಂಡಂತೆ ತಂತಿಗಳ ಅಡಿಗೆ ತುರುಕಿ. ತಂತಿಗೆ ತಾಗಿದರೆ ಸಾಕು. ಪಟ್ಟಿ ದಪ್ಪವಾಗಿ ತಂತಿಯನ್ನು ಮೇಲೆತ್ತಿದರೆ ಸ್ವರವೇ ಸತ್ತುಹೋಗುತ್ತದೆ, ಶ್ರುತಿಯೂ ತಪ್ಪುತ್ತದೆ.

ಜಮೈಕಾದ ರೆಗೆ ಸಂಗೀತಕ್ಕೂ ಈ ಸ್ಪಂಜು ಹೊಂದುತ್ತದೆ. ಬಾಬ್ ಮಾರ್ಲಿ ತಂಡದ ‘ಸ್ಟರ್ ಇಟ್ ಅಪ್’ (1973ರ ಆಲ್ಬಮ್‌ನಲ್ಲಿರುವುದು) ಮೂರೇ ಕಾರ್ಡ್: ಎ, ಡಿ, ಇ. ಟೋನ್ ಗುಂಡಿ ಪೂರ್ತಿ ಇಳಿಸಿ, ಬಲಗೈಯನ್ನು ಕುತ್ತಿಗೆಯ ಬುಡಕ್ಕೆ ತಂದು ಬೆರಳಿನ ಮೆತ್ತನೆ ಭಾಗದಿಂದ ಮೀಟಿ. ಆ ತಂಡದ ಬೇಸ್ ವಾದಕ ಆಸ್ಟನ್ ಬ್ಯಾರೆಟ್ ಎಲ್ಲೆಲ್ಲಿ ಸುಮ್ಮನಿರುತ್ತಾರೆ ಎಂದು ಮೊದಲು ಕೇಳಿ, ಆ ಜಾಗಗಳನ್ನು ಮುಟ್ಟಬೇಡಿ.

ಬೆವರಿಳಿಸುವವು

ಮ್ಯೂಸ್ ತಂಡದ ‘ಹಿಸ್ಟೀರಿಯಾ’ (2003) ವೇಗ ಸುಮಾರು 94, ಒಂದು ಬೀಟ್‌ಗೆ ನಾಲ್ಕು ಸ್ವರ. ಅಂದರೆ ಸೆಕೆಂಡಿಗೆ ಆರಕ್ಕಿಂತ ಹೆಚ್ಚು. 60ರಲ್ಲಿ ಶುರುಮಾಡಿ, ರಿಫ್ ನಾಲ್ಕು ಸಲ ತಪ್ಪಿಲ್ಲದೆ ಬಂದರೆ 4 ಏರಿಸಿ. ಮುಂಗೈ ಬಿಗಿದ ಕೂಡಲೇ ನಿಲ್ಲಿಸಿ. ನೋವಿನ ಮೇಲೆ ವೇಗ ಕಟ್ಟಿದರೆ ಮೊಣಕೈ ಕೆಡುತ್ತದೆ. ಡಿಸ್ಟಾರ್ಶನ್ (ದನಿಯನ್ನು ಒರಟಾಗಿಸುವ ಎಫೆಕ್ಟ್) ಹಾಕುವುದನ್ನು ಕೊನೆಗೆ ಇಟ್ಟುಕೊಳ್ಳಿ. ಅದು ತಂತಿಯ ಸಣ್ಣ ಗುಂಯ್ ಅನ್ನೂ ಎತ್ತಿ ಹಿಡಿಯುತ್ತದೆ, ಜೊತೆಗೆ ಮೆತ್ತನೆ ಸ್ವರ ಮತ್ತು ಗಟ್ಟಿ ಸ್ವರದ ವ್ಯತ್ಯಾಸವನ್ನು ಮುಚ್ಚಿಬಿಡುವುದರಿಂದ ಬೆರಳಿನ ಅಸಮತೆ ನಿಮಗೇ ತಿಳಿಯುವುದಿಲ್ಲ.

ಸ್ಲ್ಯಾಪ್ ಶುರುಮಾಡುವವರಿಗೆ ಸ್ಲೈ ಅಂಡ್ ದ ಫ್ಯಾಮಿಲಿ ಸ್ಟೋನ್‌ನ ‘ಥ್ಯಾಂಕ್ ಯೂ’ (1969). ಹೆಬ್ಬೆರಳ ಹೊಡೆತವನ್ನು ಬೇಸ್‌ಗೆ ತಂದ ಲ್ಯಾರಿ ಗ್ರಹಾಂ ಅವರೇ ನುಡಿಸಿದ್ದು, ಇಡೀ ಹಾಡು ಇ ಸುತ್ತಲೇ ತಿರುಗುತ್ತದೆ. ಹೆಬ್ಬೆರಳ ಗೆಣ್ಣಿನ ಪಕ್ಕದ ಮೂಳೆ ಕೊನೆಯ ಫ್ರೆಟ್ ಮೇಲೆ ತಂತಿಗೆ ತಾಗಿ ಕೂಡಲೇ ಪುಟಿಯಬೇಕು. ತೋಳು ಬೀಸಬೇಡಿ, ಬಾಗಿಲ ಹಿಡಿ ತಿರುಗಿಸುವಂತೆ ಮಣಿಕಟ್ಟು ಮಾತ್ರ ತಿರುಗಲಿ. ‘ಟಪ್’ ಎಂದು ಸತ್ತ ಸದ್ದು ಬಂದರೆ ಹೆಬ್ಬೆರಳು ತಂತಿಯ ಮೇಲೆ ಒಂದು ಕ್ಷಣ ಹೆಚ್ಚು ಕೂತಿದೆ. ಪಿಕಪ್ ಮೇಲೆ ಹೊಡೆದರೂ ಅದೇ ಗತಿ: ಅಲ್ಲಿ ತಂತಿ ಬಡಿಯಲು ಫ್ರೆಟ್ ಇರುವುದಿಲ್ಲ, ಲೋಹದ ಆ ಠಣತ್ಕಾರ ಹುಟ್ಟುವುದಿಲ್ಲ.

ಇವನ್ನೆಲ್ಲ ತಂಡದ ಜೊತೆ ನುಡಿಸುವಾಗ ಆಂಪ್‌ನಲ್ಲಿ ಬೇಸ್ ಗುಂಡಿ ಏರಿಸುವ ಬದಲು ಮಿಡ್ (ನಡುದನಿ) ಸ್ವಲ್ಪ ಏರಿಸಿ. ಒಬ್ಬರೇ ಕೂತಾಗ ಆಳ ದನಿ ಇಂಪಾಗಿ ಕೇಳುತ್ತದೆ, ಕಿಕ್ ಡ್ರಮ್ ಸೇರಿದ ಮೇಲೆ ಅದು ಕಲಸಿಹೋಗಿ ನೀವು ಕಡಿದ ಸ್ವರದ ಅಂಚು ಯಾರಿಗೂ ಕೇಳಿಸುವುದಿಲ್ಲ.