ತೊಲೆಯ ತುದಿ ಕೊಳೆತರೆ ಇಡೀ ತೊಲೆ ಇಳಿಸಬೇಡಿ

ಗುಬ್ಬಿ ಹತ್ತಿರದ ನಮ್ಮ ಹೆಂಚಿನ ಮನೆಯ ಅಡುಗೆಮನೆ ಗೋಡೆಯಲ್ಲಿ ಕಳೆದ ಮಳೆಗಾಲ ಒಂದು ಕಂದು ಕಲೆ ಮೂಡಿತ್ತು. ಸುಣ್ಣ ಬಳಿದು ಸುಮ್ನಾದೆವು. ಸಂಕ್ರಾಂತಿ ಕಳೆದ ಮೇಲೆ ಏಣಿ ಹತ್ತಿ ತೊಲೆಯ ತುದಿಗೆ ಸ್ಕ್ರೂಡ್ರೈವರ್ ಒತ್ತಿದೆ. ನೆನೆಸಿದ ಹಿಂಡಿಗೆ ಚುಚ್ಚಿದ ಹಾಗೆ ಹಿಡಿತನಕ ಇಳಿಯಿತು. ತೊಲೆ ಬದಲಿಸೋಣ ಎಂದರೆ ಆಚಾರ್ರು ನಡುಭಾಗಕ್ಕೆ ಕೊಡತಿಯಿಂದ ಬಡಿದು ತೋರಿಸಿದರು. ಟಣ್ ಎಂದಿತು. "ಎರಡಡಿ ಹೋಗಿದೆ ಅಷ್ಟೇ ಸ್ವಾಮಿ. ಇಂಥ ಹೊನ್ನೆ ಮರ ಈಗ ಎಲ್ಲಿ ತರ್ತೀರಾ?" ಅಂದರು.

ಮೊದಲು ಸೋರಿಕೆ ಹುಡುಕಿ. ಮರದಲ್ಲಿ ನೀರಿನಂಶ ಸುಮಾರು ಶೇ 20 ದಾಟಿದರೆ ಮಾತ್ರ ಅದನ್ನು ಕೊಳೆಸುವ ಬೂಷ್ಟು ಬೆಳೆಯುತ್ತದೆ. ಒಡೆದ ಹೆಂಚು ಹಾಗೇ ಬಿಟ್ಟು ಮರ ರಿಪೇರಿ ಮಾಡಿದರೆ ದುಡ್ಡು ದಂಡ. ನಮ್ಮ ಕಡೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಮಳೆ ಜಾಸ್ತಿ ಅಲ್ವಾ, ಆದ್ದರಿಂದ ಸಂಕ್ರಾಂತಿಯಿಂದ ಯುಗಾದಿಯೊಳಗೆ ಕೆಲಸ ಮುಗಿಸಿ.

ಹೆಂಚು ಮುಟ್ಟುವ ಮುಂಚೆ ಆಸರೆ ಕೊಡಿ. ಕೊಳೆತ ಜಾಗದಿಂದ ಒಳಕ್ಕೆ, ಗಟ್ಟಿ ಮರದ ಕೆಳಗೆ ಕಂಬ ನಿಲ್ಲಿಸಿ, ಬುಡಕ್ಕೂ ತಲೆಗೂ ಹಲಗೆ ಇಟ್ಟು ಬೆಣೆ ಹೊಡೆಯಿರಿ. ತೊಲೆ ಮೇಲೇಳಬಾರದು, ಭಾರ ಮಾತ್ರ ಕಂಬಕ್ಕೆ ಬರಬೇಕು. ಆಮೇಲೆ ಆ ಭಾಗದ ಹೆಂಚು, ರೀಪರ್ ಇಳಿಸಿ. ತೊಲೆ ನಡುವೆ ಬಿರುಕು ಬಿಟ್ಟಿದ್ದರೆ ಅಥವಾ ಜಗ್ಗಿದ್ದರೆ ಅಲ್ಲೇ ನಿಲ್ಲಿಸಿ ಎಂಜಿನಿಯರ್ ಕರೆಸಿ.

ಕೊಳೆತದ್ದನ್ನು ಕತ್ತರಿಸುವಾಗ ಜಿಪುಣತನ ಬೇಡ. ಗಟ್ಟಿ ಮರ ಸಿಕ್ಕ ಮೇಲೂ ಒಂದಡಿ ಒಳಕ್ಕೆ ಹೋಗಿ ಗರಗಸ ಹಾಕಿ. ಬೂಷ್ಟು ಕಣ್ಣಿಗೆ ಕಾಣುವುದಕ್ಕಿಂತ ಮುಂದೆ ಹೋಗಿರುತ್ತದೆ. ಹೊಸ ತುದಿಗೆ ಚೆನ್ನಾಗಿ ಒಣಗಿದ ಹಳೆ ಮರವೇ ಒಳ್ಳೆಯದು. ಕೆಡವಿದ ಮನೆಗಳ ಹೊನ್ನೆ, ತೇಗದ ತುಂಡು ಹಳೆ ಮರದ ಅಂಗಡಿಯಲ್ಲಿ ಸಿಗುತ್ತದೆ. ಅಗ್ಗಕ್ಕೆ ಸಿಗುತ್ತದೆಂದು ಹಸಿ ನೀಲಗಿರಿ ಹಾಕಬೇಡಿ, ಒಣಗುತ್ತಾ ತಿರುಚಿಕೊಂಡು ಸೀಳುತ್ತದೆ.

ತೊಲೆಯಷ್ಟೇ ಎತ್ತರದ ಎರಡು ತುಂಡುಗಳನ್ನು ಅಕ್ಕಪಕ್ಕ ಕೂರಿಸಿ. ಗಟ್ಟಿ ಮರದ ಮೇಲೆ ಕನಿಷ್ಠ 3 ಅಡಿ ಹಾಯಬೇಕು, ಇನ್ನೊಂದು ತುದಿ ಗೋಡೆ ಮೇಲೆ ಕೂರಬೇಕು. 12 ಮಿ.ಮೀ. ಬೋಲ್ಟುಗಳನ್ನು ದೊಡ್ಡ ವಾಷರ್ ಸಮೇತ ಬಿಗಿಯಿರಿ. ತೂತುಗಳು ಒಂದೇ ಸಾಲಿಗೆ ಬೇಡ, ಒಂದು ಮೇಲೆ ಒಂದು ಕೆಳಗೆ ಬರಲಿ. ಸಾಲಾಗಿ ಕೊರೆದರೆ ಮರ ನಾರಿನುದ್ದಕ್ಕೂ ಸೀಳುತ್ತದೆ.

ಬೋಲ್ಟ್ ಹಾಕುವ ಮೊದಲೇ ಔಷಧ ಬಳಿಯಿರಿ. 10 ಲೀಟರ್ ಬಿಸಿ ನೀರಿಗೆ 400 ಗ್ರಾಂ ಬೋರಿಕ್ ಪುಡಿ, 600 ಗ್ರಾಂ ಬಿಳಿಗಾರ (ಬೋರಾಕ್ಸ್). ಕತ್ತರಿಸಿದ ಮುಖಕ್ಕೆ ಎರಡು ಮೂರು ಸಲ ಕುಡಿಸಿ. ಕೈಗೆ ಗವಸು ಇರಲಿ. ಇದು ಮಳೆಗೆ ತೊಳೆದುಹೋಗುವುದರಿಂದ ಸೂರಿನಡಿ ಇರುವ ಮರಕ್ಕೆ ಮಾತ್ರ.

ಇನ್ನು ಗೋಡೆಯ ಗೂಡು. ನಮ್ಮದರಲ್ಲಿ ಹಿಂದೆ ಯಾರೋ ತೊಲೆಯ ಸುತ್ತ ಸಿಮೆಂಟ್ ತುಂಬಿದ್ದರು. ಒಳಗೆ ಸೇರಿದ ನೀರು ಆರುವ ದಾರಿಯೇ ಇರಲಿಲ್ಲ. ಕೊಳೆತದ್ದು ಅಲ್ಲೇ. ಅದನ್ನು ಕಿತ್ತು ತುದಿಯ ಕೆಳಗೆ ಚಪ್ಪಟೆ ಕಲ್ಲು ಹಾಕಿದೆವು. ಪಕ್ಕಕ್ಕೂ ಹಿಂದಕ್ಕೂ ಒಂದು ಬೆರಳಷ್ಟು ಸಂದಿ ಬಿಟ್ಟೆವು. ಉಳಿದ ಗೋಡೆಗೆ ಸುಣ್ಣದ ಗಾರೆ. ಹೆಂಚು ಹೊದಿಸಿ ಬೆಣೆಗಳನ್ನು ಒಂದೊಂದಾಗಿ ಸಡಿಲಿಸಿ.

ಮೊದಲ ದೊಡ್ಡ ಮಳೆ ಬಂದ ರಾತ್ರಿ ಟಾರ್ಚ್ ಹಿಡಿದು ಏಣಿ ಹತ್ತಿ, ಆ ಸಂದಿಯೊಳಗೆ ಬೆರಳು ಹಾಕಿ ನೋಡಿ. ಒಣಗಿರಬೇಕು.